ದುಡಿಮೆ, ಓಟ, ಸಂಬಳ: ಮೂರಕ್ಕೂ ಒಂದೇ ಲೆಕ್ಕದ ಪುಸ್ತಕ

ಬೆಂಗಳೂರಿನಲ್ಲಿ ಓಟ ಕಲಿಸುವವರಿಗೆ ಬರವಿಲ್ಲ. ಮೊಬೈಲಿನಲ್ಲಿ ಆ್ಯಪ್, ಲಾಲ್‌ಬಾಗಿನಲ್ಲಿ ಗುಂಪು, ಕಚೇರಿಯ ಮೇಜಿನ ಮೇಲೆ ಪದಕ ತೂಗುಹಾಕಿಕೊಂಡ ಸಹೋದ್ಯೋಗಿ, ಎಲ್ಲರ ಬಳಿಯೂ ಒಂದೊಂದು ವೇಳಾಪಟ್ಟಿ ಇರುತ್ತದೆ. ಮಂಗಳವಾರ ಇಷ್ಟು, ಗುರುವಾರ ಇಷ್ಟು, ಭಾನುವಾರ ಉದ್ದದ ಓಟ. ನಿನ್ನೆ ರಾತ್ರಿ ಎಷ್ಟು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿದಿರಿ ಎಂದು ಆ ವೇಳಾಪಟ್ಟಿ ಕೇಳುವುದಿಲ್ಲ. ಆ ಹೆಚ್ಚುವರಿ ಗಂಟೆಗಳಿಗೆ ದುಡ್ಡು ಬಂತೇ ಎಂದಂತೂ ಯಾರೂ ಕೇಳುವುದಿಲ್ಲ.

ಓಟ, ಕೆಲಸದ ಒತ್ತಡ, ಸಂಬಳ ಈ ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎನ್ನುವುದು ನನ್ನ ವಾದ. ಮೂರೂ ಮೇಯುವುದು ವಾರದ ಅದೇ 168 ಗಂಟೆಗಳನ್ನು. ಓಟವನ್ನು ಬರೀ ಒತ್ತಡ ನಿವಾರಣೆಯ ಮಾತ್ರೆ ಎಂದುಕೊಂಡವರು ತಮಗೇ ತಿಳಿಯದಂತೆ ಒಂದು ವ್ಯವಹಾರಕ್ಕೆ ಸಹಿ ಹಾಕಿರುತ್ತಾರೆ: ಬಿಟ್ಟಿ ದುಡಿಮೆಯನ್ನು ತಾಳಿಕೊಳ್ಳುವ ಶಕ್ತಿಯನ್ನು ಸ್ವಂತ ನಿದ್ದೆಯಿಂದ ಕಡ ತಂದು ಕಂಪನಿಗೆ ಒದಗಿಸುವುದು. ಬೆಳಿಗ್ಗೆ ಐದಕ್ಕೆ ಎದ್ದು ಓಡಿ ಹಗುರಾಗುವುದು, ರಾತ್ರಿ ಹನ್ನೊಂದರವರೆಗೆ ಕೂತು ಮತ್ತೆ ಭಾರವಾಗುವುದು. ಇದರಲ್ಲಿ ಗಟ್ಟಿಯಾಗುತ್ತಿರುವುದು ನಿಮ್ಮ ಹೃದಯವೋ ಕಂಪನಿಯ ಲಾಭವೋ ಎಂದು ತಿಳಿಯಬೇಕಾದರೆ ಲೆಕ್ಕ ಬೇಕು.

ಈ ಮಾರ್ಗದರ್ಶಿ ತಿಂಗಳ ಸಂಬಳದ ಮೇಲೆ ಬದುಕುವ, ಹವ್ಯಾಸಕ್ಕಾಗಿ ಓಡುವ ಅಥವಾ ಓಡಬೇಕೆಂದಿರುವವರಿಗೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು.

ಹಂತ 1: ಎರಡು ವಾರ ಏನನ್ನೂ ಬದಲಿಸದೆ ಬರೆಯಿರಿ

ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಗಡಿಯಾರ, ಆ್ಯಪ್ ಇದ್ದರೂ ಇದನ್ನು ಕೈಯಲ್ಲೇ ಬರೆಯಿರಿ. ಆ್ಯಪ್‌ಗೆ ನಿಮ್ಮ ಮ್ಯಾನೇಜರ್ ಯಾರೆಂದು ಗೊತ್ತಿಲ್ಲ. ದಿನಕ್ಕೆ ಒಂದು ಸಾಲು, ಸಾಲಿಗೆ ಐದು ಕಲಂ: ಕೆಲಸ ಆರಂಭಿಸಿದ ಮತ್ತು ನಿಲ್ಲಿಸಿದ ಸಮಯ, ಪ್ರಯಾಣಕ್ಕೆ ಹೋದ ಸಮಯ, ಕೆಲಸದ ಭಾರ 1ರಿಂದ 10ರವರೆಗಿನ ಒಂದು ಅಂಕಿ, ನಿದ್ದೆಯ ಗಂಟೆ, ಓಟ.

ಕೆಲಸದ ಸಮಯ ಬರೆಯುವಾಗ ಪ್ರಾಮಾಣಿಕರಾಗಿರಿ, ಎರಡೂ ಕಡೆ. ಮಧ್ಯಾಹ್ನ ಮುಕ್ಕಾಲು ಗಂಟೆ ಕ್ರಿಕೆಟ್ ಸ್ಕೋರ್ ನೋಡಿದ್ದರೆ ಕಳೆಯಿರಿ. ರಾತ್ರಿ ಊಟದ ತಟ್ಟೆಯ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಉತ್ತರಿಸಿದ ಇಪ್ಪತ್ತು ನಿಮಿಷವನ್ನು ಕೂಡಿಸಿ. ಹೆಚ್ಚಿನವರು ಬಿಟ್ಟುಬಿಡುವುದು ಈ ಎರಡನೆಯದನ್ನೇ.

ಓಟದ ಕಲಂಗೆ ಅಮೆರಿಕದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫಾಸ್ಟರ್ ಬಳಕೆಗೆ ತಂದ ಸುಲಭ ಲೆಕ್ಕವಿದೆ. ಓಡಿದ ನಿಮಿಷಗಳನ್ನು ಓಟ ಎಷ್ಟು ಕಷ್ಟವೆನಿಸಿತು ಎಂಬ ಅಂಕಿಯಿಂದ, ಅದೂ ಹತ್ತರ ಒಳಗಿನದು, ಗುಣಿಸುವುದು. ಆರಾಮವಾಗಿ 40 ನಿಮಿಷ ಓಡಿ 3 ಅಂಕ ಕೊಟ್ಟರೆ 120. ಏದುಸಿರು ಬಿಟ್ಟು 30 ನಿಮಿಷ ಓಡಿ 8 ಅಂಕ ಕೊಟ್ಟರೆ 240. ಕಡಿಮೆ ಹೊತ್ತು ಓಡಿದ ದಿನವೇ ಮೈಮೇಲೆ ಎರಡರಷ್ಟು ಭಾರ ಬಿತ್ತು ಎನ್ನುವುದು ಕಿಲೋಮೀಟರ್ ಲೆಕ್ಕದಲ್ಲಿ ಕಾಣುವುದಿಲ್ಲ, ಇದರಲ್ಲಿ ಕಾಣುತ್ತದೆ.

ಸಾಫ್ಟ್‌ವೇರ್ ಬಿಡುಗಡೆಯ ವಾರವೊಂದರ ಪುಟ ಹೀಗಿರಬಹುದು. ಸೋಮವಾರ: ಕೆಲಸ ಒಂಬತ್ತೂವರೆ ಗಂಟೆ, ಭಾರ 4, ನಿದ್ದೆ 7, ಓಟವಿಲ್ಲ. ಮಂಗಳವಾರ: ಬೆಳಿಗ್ಗೆ 30 ನಿಮಿಷ, ಅಂಕ 3, ಒಟ್ಟು 90, ಕೆಲಸ 12 ಗಂಟೆ, ಭಾರ 8, ನಿದ್ದೆ 5. ಬುಧವಾರ: ವೇಳಾಪಟ್ಟಿಯಲ್ಲಿ ವೇಗದ ಓಟ ಇತ್ತು, ಮಾಡಿದ್ದು 20 ನಿಮಿಷ ನಡಿಗೆ, ಕೆಲಸ 11, ಭಾರ 7. ಗುರುವಾರ: 40 ನಿಮಿಷ, ಅಂಕ 5 (ಅದೇ ದಾರಿ, ಅದೇ ವೇಗ, ಹೋದ ವಾರ ಅಂಕ 3 ಇತ್ತು). ಆ ಕಂಸದೊಳಗಿನ ಮಾತೇ ಇಡೀ ಪುಟದ ಸಾರ. ಕಾಲು ಬದಲಾಗಿಲ್ಲ, ರಸ್ತೆ ಬದಲಾಗಿಲ್ಲ. ಎರಡು ದಿನದ ಕಚೇರಿ ಬಂದು ಓಟದೊಳಗೆ ಕೂತಿದೆ.

ಇದು ಬರೀ ಭಾವನೆಯಲ್ಲ. 2009ರಲ್ಲಿ ಸಂಶೋಧಕ ಸ್ಯಾಮುವೆಲೆ ಮಾರ್ಕೋರಾ ಮತ್ತು ಸಂಗಡಿಗರು 16 ಜನರನ್ನು 90 ನಿಮಿಷ ಕಂಪ್ಯೂಟರ್ ಮುಂದೆ ಕೂರಿಸಿ ತಲೆಗೆ ಕೆಲಸ ಕೊಟ್ಟರು, ಆಮೇಲೆ ಸುಸ್ತಾಗುವವರೆಗೆ ಸೈಕಲ್ ತುಳಿಸಿದರು. ಅಷ್ಟೇ ಹೊತ್ತು ಸುಮ್ಮನೆ ಸಾಕ್ಷ್ಯಚಿತ್ರ ನೋಡಿದ ದಿನಕ್ಕೆ ಹೋಲಿಸಿದರೆ ತಲೆ ದಣಿದ ದಿನ ಅವರು ಸರಾಸರಿ ಶೇ. 15ರಷ್ಟು ಬೇಗ ಕೈಚೆಲ್ಲಿದರು. ಹೃದಯ, ಸ್ನಾಯುಗಳ ಅಳತೆಗಳಲ್ಲಿ ಇದನ್ನು ವಿವರಿಸುವ ವ್ಯತ್ಯಾಸ ಸಿಗಲಿಲ್ಲ. ಅದೇ ಶ್ರಮ ಅವರಿಗೆ ಹೆಚ್ಚು ಕಷ್ಟವೆನಿಸಿತ್ತು, ಅಷ್ಟೇ. ಒಂದೂವರೆ ಗಂಟೆಯ ಮೀಟಿಂಗ್ ಮುಗಿಸಿ ಓಡಲು ಹೊರಟವರಿಗೆ ಈ ಪ್ರಯೋಗದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಂತ 2: ನಿಮ್ಮ ನಿಜವಾದ ಗಂಟೆಯ ಕೂಲಿ ಕಂಡುಹಿಡಿಯಿರಿ

ತಿಂಗಳ ಸಂಬಳದವರು ‘ಕೂಲಿ’ ಎಂದರೆ ಮುಖ ಸಿಂಡರಿಸುತ್ತಾರೆ. ಆ ಬಿಗುಮಾನದಿಂದ ಲಾಭವಾಗುವುದು ಯಾರಿಗೆ ಎಂದು ಒಮ್ಮೆ ಯೋಚಿಸಿ, ಕ್ಯಾಲ್ಕುಲೇಟರ್ ತೆಗೆಯಿರಿ.

ಕೈಗೆ ಬರುವ ಸಂಬಳ ₹72,000 ಎಂದಿಟ್ಟುಕೊಳ್ಳಿ. ನೇಮಕಾತಿ ಪತ್ರದ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 5 ದಿನ, ಅಂದರೆ 45 ಗಂಟೆ. ತಿಂಗಳಿಗೆ 4.33 ವಾರದ ಲೆಕ್ಕದಲ್ಲಿ ಸುಮಾರು 195 ಗಂಟೆ. ಗಂಟೆಗೆ ₹369.

ಈಗ ನಿಮ್ಮ ಪುಸ್ತಕ ತೆರೆಯಿರಿ. ನಿಜಕ್ಕೂ ದುಡಿದದ್ದು ವಾರಕ್ಕೆ 55 ಗಂಟೆ ಎಂದು ಬಂದರೆ ಗಂಟೆಗೆ ₹302. ದಿನಕ್ಕೆ ಎರಡೂವರೆ ಗಂಟೆ ಹೊರವರ್ತುಲ ರಸ್ತೆಯಲ್ಲಿ ಕಳೆದದ್ದನ್ನೂ ಸೇರಿಸಿದರೆ ಗಂಟೆಗೆ ₹246. ಪತ್ರದಲ್ಲಿ ಓದಿದ್ದಕ್ಕೂ ಬದುಕಿದ್ದಕ್ಕೂ ನಡುವೆ ಗಂಟೆಗೆ ₹123 ಸೋರಿದೆ.

ಇದೇ ಲೆಕ್ಕ ಏಪ್ರಿಲ್ ತಿಂಗಳ ಸಂಬಳ ಏರಿಕೆಯ ಪತ್ರಕ್ಕೂ ಹಚ್ಚಿ. ಶೇ. 8 ಏರಿಕೆ ಸಿಕ್ಕಿತು, ₹72,000 ಹೋಗಿ ₹77,760 ಆಯಿತು, ಮನೆಯಲ್ಲಿ ಸಿಹಿ ಹಂಚಿದಿರಿ. ಅದೇ ವರ್ಷ ಹೊಸ ಜವಾಬ್ದಾರಿಯ ಹೆಸರಿನಲ್ಲಿ ವಾರದ ಕೆಲಸ 45ರಿಂದ 55 ಗಂಟೆಗೆ ಏರಿದ್ದರೆ ನಿಮ್ಮ ಗಂಟೆಯ ಕೂಲಿ ₹369ರಿಂದ ₹327ಕ್ಕೆ ಇಳಿದಿದೆ. ಬಡ್ತಿ ಎಂದು ಕರೆದದ್ದು ಶೇ. 11ರ ಕಡಿತ. ಬೆಲೆ ಏರಿಕೆಯನ್ನು ಇನ್ನೂ ಲೆಕ್ಕಕ್ಕೇ ತಂದಿಲ್ಲ.

ಸಂಬಳ ಚೀಟಿಯನ್ನೂ ಸಾಲು ಸಾಲಾಗಿ ಓದಿ. ಮೂಲ ವೇತನ ಎಷ್ಟು, ಮನೆ ಬಾಡಿಗೆ ಭತ್ಯೆ ಎಷ್ಟು, ‘ವಿಶೇಷ ಭತ್ಯೆ’ ಎಂಬ ಗೋಣಿಚೀಲದಲ್ಲಿ ಎಷ್ಟು ತುಂಬಿದ್ದಾರೆ. ಭವಿಷ್ಯ ನಿಧಿಗೆ ಕಂಪನಿ ಹಾಕುವ ಪಾಲು, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಸೇವಾ ಹಣ), ಬರಬಹುದು ಬಾರದಿರಬಹುದು ಎಂಬ ಬೋನಸ್ ಇವೆಲ್ಲ ವಾರ್ಷಿಕ ಪ್ಯಾಕೇಜಿನ ಒಳಗೇ ಇರುತ್ತವೆ. ಗಂಟೆಯ ಲೆಕ್ಕ ಹಾಕುವಾಗ ಕೈಗೆ ಬಂದದ್ದನ್ನೇ ಹಿಡಿಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಮೂಲ ವೇತನ ತೀರ ಕಡಿಮೆ ತೋರಿಸಿ ಗ್ರಾಚ್ಯುಟಿ ಉಳಿಸಿಕೊಳ್ಳುವ ಹಳೆಯ ಜಾಣತನಕ್ಕೆ ಹಾಕಿದ ತಡೆ ಇದು.

ಹಂತ 3: ಕಾನೂನಿನ ಗೆರೆ ಎಲ್ಲಿದೆ ಎಂದು ತಿಳಿದಿರಿ

ಅಂಗಡಿ, ಐಟಿ ಕಚೇರಿ ಹೀಗೆ ರಾಜ್ಯದ ಬಹುಪಾಲು ಖಾಸಗಿ ಕಚೇರಿ ಕೆಲಸಕ್ಕೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದು ಹಾಕಿದ ಗೆರೆ: ದಿನಕ್ಕೆ 9, ವಾರಕ್ಕೆ 48 ಗಂಟೆ. ಹೆಚ್ಚುವರಿ ಸೇರಿದರೂ ದಿನಕ್ಕೆ 10. ಮೂರು ತಿಂಗಳಿಗೆ ಒಟ್ಟು ಹೆಚ್ಚುವರಿ 50 ಗಂಟೆ ಮೀರಬಾರದು. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ವೇತನ. ಸತತ ಐದು ಗಂಟೆಗೆ ಒಂದು ಗಂಟೆ ವಿರಾಮ, ವಾರಕ್ಕೊಂದು ರಜೆ.

ವಾರಕ್ಕೆ 55 ಗಂಟೆ ಎಂದರೆ ಮಿತಿಗಿಂತ 7 ಗಂಟೆ ಹೆಚ್ಚು. 13 ವಾರಕ್ಕೆ 91 ಗಂಟೆ. ಕಾಯ್ದೆ ಬಿಟ್ಟಿದ್ದು 50.

‘ಐಟಿಗೆ ವಿನಾಯಿತಿ ಇದೆಯಲ್ಲ’ ಎಂಬ ಮಾತು ಪ್ರತಿ ಕ್ಯಾಂಟೀನಿನಲ್ಲೂ ಕೇಳಿಬರುತ್ತದೆ. ವರ್ಷಗಳಿಂದ ಸಿಗುತ್ತ ಬಂದ, 2024ರಲ್ಲಿ ಸರ್ಕಾರ ಮತ್ತೆ ಮುಂದುವರಿಸಿದ ವಿನಾಯಿತಿ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ. ಅದು ಸೇವಾ ಷರತ್ತು, ಶಿಸ್ತು ಕ್ರಮ ಮುಂತಾದವುಗಳ ವಿಷಯವಾಗಿತ್ತು. ದಿನದ ಗಂಟೆಗಳ ಮಿತಿ ಇನ್ನೊಂದು ಕಾಯ್ದೆಯದು. ಆಡಳಿತ ನಡೆಸುವ ಹುದ್ದೆಯಲ್ಲಿರುವವರಿಗೆ ಈ ಮಿತಿಗಳು ಅನ್ವಯಿಸದಿರಬಹುದು ನಿಜ. ಹಾಗೆಂದು ಹೆಸರಿನ ಮುಂದೆ ‘ಮ್ಯಾನೇಜರ್’ ಎಂದು ಅಚ್ಚಾದ ಎಲ್ಲರೂ ಆಡಳಿತ ನಡೆಸುತ್ತಿರುವುದಿಲ್ಲ.

ಈ ಗೆರೆಯನ್ನು ಅಳಿಸುವ ಆಸೆ ಹೊಸದಲ್ಲ. ಕೆಲಸದ ದಿನವನ್ನು 14 ಗಂಟೆಗೆ ಎಳೆಯಲು ಅವಕಾಶ ಕೊಡುವ ಪ್ರಸ್ತಾವ 2024ರ ಜುಲೈನಲ್ಲಿ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದಿತ್ತು. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆಯ ಮಾತಾಡಿದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರದು 90 ಆಯಿತು. 70 ಗಂಟೆ ಕೆಲಸ, ಆರು ದಿನದ ಪ್ರಯಾಣ 15, ನಿದ್ದೆ 49, ಉಳಿದದ್ದು 34 ಗಂಟೆ. ಸ್ನಾನ, ಊಟ, ಮಕ್ಕಳು, ತರಕಾರಿ, ಅಪ್ಪ ಅಮ್ಮನ ಆಸ್ಪತ್ರೆ ಎಲ್ಲವೂ ದಿನಕ್ಕೆ ಐದು ಗಂಟೆಯೊಳಗೆ. ಇನ್ನು ಓಟ! ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಅಥವಾ ಹೆಚ್ಚು ಗಂಟೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35 ಹೆಚ್ಚು, ಹೃದಯಕ್ಕೆ ರಕ್ತ ಸಾಲದೆ ಬರುವ ಹೃದ್ರೋಗದಿಂದ ಸಾಯುವ ಅಪಾಯ ಶೇ. 17 ಹೆಚ್ಚು. ಬೆಳಗಿನ ಐದು ಕಿಲೋಮೀಟರ್ ಈ ಬಾಕಿಯನ್ನು ಪೂರ್ತಿ ತೀರಿಸುತ್ತದೆ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ಹಂತ 4: ಕೆಲಸದ ಭಾರ ನೋಡಿ ಓಟದ ಭಾರ ಇಡಿ

ಹೊಸಬರಿಗೆ ಎರಡೇ ಮಾತು. ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ, ಒಟ್ಟು 25 ನಿಮಿಷ, ವಾರಕ್ಕೆ ಮೂರು ದಿನ. ಮೂರು ನಾಲ್ಕು ವಾರ ಕಳೆದಂತೆ ಓಡುವ ನಿಮಿಷ ಹೆಚ್ಚಿಸಿ, ನಡೆಯುವುದನ್ನು ತಗ್ಗಿಸಿ. ವಾರಕ್ಕೆ 75ರಿಂದ 150 ನಿಮಿಷ ಬಿರುಸಿನ ಅಥವಾ 150ರಿಂದ 300 ನಿಮಿಷ ಮಧ್ಯಮ ಶ್ರಮ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಆರೋಗ್ಯಕ್ಕಾಗಿ ಮ್ಯಾರಥಾನ್ ಬೇಕಿಲ್ಲ. ಮ್ಯಾರಥಾನ್ ಬೇಕಾಗುವುದು ಬೇರೆ ಆಸೆಗಳಿಗೆ, ಆ ಆಸೆಗಳೂ ತಪ್ಪಲ್ಲ.

ಈಗಾಗಲೇ ಓಡುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಆರಾಮದ ಓಟವನ್ನು ಆರಾಮವಾಗಿ ಓಡುವುದಿಲ್ಲ. ಕಚೇರಿಯ ಸಿಟ್ಟನ್ನೆಲ್ಲ ಕಾಲಿಗೆ ಇಳಿಸುತ್ತಾರೆ. ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತ ಓಡಲು ಆಗುತ್ತಿದೆಯೇ? ಹಾಗಿದ್ದರೆ ಅದು ಆರಾಮದ ಓಟ. ‘ಹೂಂ’, ‘ಉಹೂಂ’ಗೆ ಇಳಿದಿದ್ದರೆ ಅಲ್ಲ. ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ಮಾತಾಡಲು ಬರುವ ವೇಗದಲ್ಲಿರಲಿ.

ಆಮೇಲೆ ನಿಯಮಗಳು. ಇವು ಪ್ರಯೋಗಾಲಯದವಲ್ಲ, ದುಡಿಯುವ ಓಟಗಾರರ ನಡುವೆ ಓಡಾಡಿ ನಾನು ಕಟ್ಟಿಕೊಂಡವು. ನಿನ್ನೆ 11 ಗಂಟೆಗಿಂತ ಹೆಚ್ಚು ಕೆಲಸ ಅಥವಾ ಆರು ಗಂಟೆಗಿಂತ ಕಡಿಮೆ ನಿದ್ದೆ, ಎರಡರಲ್ಲಿ ಒಂದಾಗಿದ್ದರೆ ಇಂದು ಆರಾಮದ ಓಟ ಮಾತ್ರ. ಎರಡೂ ಆಗಿದ್ದರೆ ಓಟವೇ ಬೇಡ. ಅಲಾರಂ ಮುಂದೂಡಿ ಮಲಗಿ, ಸಂಜೆ ಇಪ್ಪತ್ತು ನಿಮಿಷ ನಡೆಯಿರಿ. ಕೆಲಸದ ಭಾರ ಸತತ ಮೂರು ದಿನ 7 ದಾಟಿದರೆ ಆ ವಾರದ ಓಟದ ಮೊತ್ತವನ್ನು ಅರ್ಧಕ್ಕೆ ಇಳಿಸಿ. ತಪ್ಪಿದ ಓಟವನ್ನು ಮುಂದಿನ ದಿನಕ್ಕೆ ಸೇರಿಸುವ ಕೆಟ್ಟ ಅಭ್ಯಾಸ ಬೇಡ. ಓಟಕ್ಕೆ ಬಾಕಿ ವಸೂಲಿ ಇಲ್ಲ.

ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸುವುದು ಅಭ್ಯಾಸವಾದರೆ ಒಳ್ಳೆಯದು. ಮಾಮೂಲಿಗಿಂತ ನಿಮಿಷಕ್ಕೆ ಏಳೆಂಟು ಬಡಿತ ಹೆಚ್ಚಿದ್ದರೆ ಜ್ವರ ಬರುತ್ತಿರಬಹುದು, ನಿದ್ದೆ ಸಾಲದಿರಬಹುದು, ಮ್ಯಾನೇಜರ್ ಬದಲಾಗಿರಬಹುದು. ಕಾರಣ ಯಾವುದಾದರೂ ಅಂದು ವೇಗದ ಓಟ ಬೇಡ.

ಬೆಳಿಗ್ಗೆಯೋ ಸಂಜೆಯೋ ಎಂಬ ಜಗಳಕ್ಕೆ ನನ್ನ ಉತ್ತರ: ಯಾವ ಹೊತ್ತನ್ನು ಮೀಟಿಂಗ್ ಕಬಳಿಸಲಾರದೋ ಆ ಹೊತ್ತು. ಅಮೆರಿಕದ ತಂಡದ ಜೊತೆ ರಾತ್ರಿ ಹತ್ತರ ಕರೆ ಇರುವವರು ಬೆಳಿಗ್ಗೆ ಐದಕ್ಕೆ ಎದ್ದರೆ ಅದು ಶಿಸ್ತಲ್ಲ, ನಿದ್ದೆಗೇಡು. ಅಂಥವರಿಗೆ ಬೆಳಿಗ್ಗೆ ಏಳೂವರೆಯ ಅರ್ಧ ಗಂಟೆ, ಅಥವಾ ಸಂಜೆಯ ಕರೆಗಳ ನಡುವಿನ ಬಿಡುವು ಮೇಲು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ವರ್ಷದ ಬಹುಕಾಲ ಏಳೂವರೆಯ ಬಿಸಿಲು ತಡೆಯುವಂಥದ್ದೇ. ಮಂಗಳೂರಿನಲ್ಲಿ ಈ ಸಲಹೆ ನಡೆಯುವುದಿಲ್ಲ. ಅಲ್ಲಿ ಬೆವರು ಆರುವುದೇ ಇಲ್ಲ, ಬೇಗ ಹೊರಡಬೇಕು, ಬೆಂಗಳೂರಿನ ವೇಗವನ್ನು ಮರೆಯಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಂತೂ ಸೂರ್ಯ ಹುಟ್ಟುವ ಮೊದಲೇ ಮುಗಿಸಬೇಕು, ಇಲ್ಲವೇ ಬಿಡಬೇಕು.

ತಿನ್ನುವುದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಓಟಕ್ಕೆ ಮೊದಲು ಒಂದು ಏಲಕ್ಕಿ ಬಾಳೆಹಣ್ಣು, ಆಮೇಲೆ ಇಡ್ಲಿ ಅಥವಾ ರಾಗಿ ರೊಟ್ಟಿ, ಮಧ್ಯಾಹ್ನ ಮಜ್ಜಿಗೆ. ಡಬ್ಬದ ಪುಡಿಗಳಿಗೆ ಕೊಡುವ ಹಣವನ್ನು ಒಳ್ಳೆಯ ಶೂಗೆ ಹಾಕಿ.

ಹಂತ 5: ಪ್ರಯಾಣದ ಗಂಟೆಯಲ್ಲಿ ಕೈ ಹಾಕಿ

ಕೆಲಸದ ಗಂಟೆ ಮ್ಯಾನೇಜರ್ ಕೈಯಲ್ಲಿ, ನಿದ್ದೆಯ ಗಂಟೆ ಮುಟ್ಟುವಂತಿಲ್ಲ. ಉಳಿದದ್ದು ಪ್ರಯಾಣ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು, ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರ ಮುಟ್ಟಿತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ವರ್ಷಗಳ ಆಯುಷ್ಯ ಕಳೆದವರಿಗೆ ಇದು ಸಣ್ಣ ವಿಷಯವಲ್ಲ. ಸಂಜೆ ಮನೆಗೆ ಎರಡು ಮೂರು ಕಿಲೋಮೀಟರ್ ಇರುವಾಗಲೇ ಮೆಟ್ರೊ ಇಳಿದು ಉಳಿದ ದಾರಿ ಓಡಬಹುದು. ಸಣ್ಣ ಚೀಲ, ಹಗುರ ಬಟ್ಟೆ ಬೇಕು. ಲ್ಯಾಪ್‌ಟಾಪನ್ನು ವಾರಕ್ಕೆ ಒಂದೆರಡು ದಿನ ಕಚೇರಿಯಲ್ಲೇ ಬಿಡುವ ಧೈರ್ಯ ಅದಕ್ಕಿಂತ ಹೆಚ್ಚು ಬೇಕು. ಲ್ಯಾಪ್‌ಟಾಪ್ ಮನೆಗೆ ಬಾರದ ರಾತ್ರಿ ಕೆಲಸವೂ ಬರುವುದಿಲ್ಲ ಎನ್ನುವುದು ಇದರ ಎರಡನೆಯ ಲಾಭ, ನನ್ನ ಪ್ರಕಾರ ಮೊದಲನೆಯದು.

ಕತ್ತಲಾದ ಮೇಲೆ ಬೀದಿ ನಾಯಿ ಇರುವ, ಫುಟ್‌ಪಾತ್ ಚಪ್ಪಡಿ ಎದ್ದಿರುವ ದಾರಿಯಲ್ಲಿ ಓಡುವ ಸಾಹಸ ಬೇಡ. ಅಂಥ ಕಡೆ ನಡೆಯಿರಿ.

ಹಂತ 6: ಮನೆಯವರ ಗಂಟೆ ಕದಿಯಬೇಡಿ

ಇದನ್ನು ಮುಖ್ಯವಾಗಿ ಗಂಡಸರಿಗೆ ಹೇಳುತ್ತಿದ್ದೇನೆ. ದೇಶದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88. ಭಾನುವಾರ ಬೆಳಿಗ್ಗೆ ಮೂರು ಗಂಟೆ ಓಡಿ, ಗೆಳೆಯರ ಜೊತೆ ದೋಸೆ ತಿಂದು, ಹತ್ತೂವರೆಗೆ ಬಂದು ಮಲಗುವ ಗಂಡಸಿನ ಓಟಕ್ಕೆ ಯಾರೋ ಸಂಬಳವಿಲ್ಲದೆ ದುಡಿದಿರುತ್ತಾರೆ. ಕಚೇರಿಯಲ್ಲಿ ನ್ಯಾಯಯುತ ವೇತನ ಕೇಳುವವರು ಮನೆಯ ಪುಟವನ್ನೂ ತೆರೆಯಬೇಕು. ಸರಳ ಒಪ್ಪಂದ: ನಿಮ್ಮ ಓಟದಷ್ಟೇ ನಿಮಿಷ ಸಂಗಾತಿಗೂ, ಅವರು ಓಡಲಿ, ಓದಲಿ, ಸುಮ್ಮನೆ ಕೂರಲಿ. ಮುಂಜಾನೆಯ ಕತ್ತಲಲ್ಲಿ ಒಬ್ಬಳೇ ಓಡಲು ಹೆಣ್ಣುಮಕ್ಕಳು ಹಿಂಜರಿಯುವುದು ಸಹಜವಾದ ಊರುಗಳಲ್ಲಿ ಬೆಳಕಿನ ಹೊತ್ತನ್ನು ಅವರಿಗೆ ಬಿಟ್ಟು ಕತ್ತಲಿನ ಹೊತ್ತನ್ನು ನೀವು ತೆಗೆದುಕೊಳ್ಳಿ.

ಹಂತ 7: ಸ್ಪರ್ಧೆಯನ್ನು ನಿಮ್ಮ ಕಚೇರಿಯ ಪಂಚಾಂಗ ನೋಡಿ ಆರಿಸಿ

ಬೆಂಗಳೂರಿನ ಪ್ರಸಿದ್ಧ 10ಕೆ (ಹತ್ತು ಕಿಲೋಮೀಟರ್) ಓಟ 2008ರಲ್ಲಿ ಆರಂಭವಾಯಿತು. ಮೊದಲು ಮೇ ತಿಂಗಳಲ್ಲಿ ನಡೆಯುತ್ತಿದ್ದುದು 2024 ಮತ್ತು 2025ರಲ್ಲಿ ಏಪ್ರಿಲ್ ಕೊನೆಗೆ ನಡೆಯಿತು. ಏಪ್ರಿಲ್ ಕೊನೆಯ ಓಟ ಎಂದರೆ ಕಠಿಣ ತಯಾರಿಯೆಲ್ಲ ಮಾರ್ಚಿನಲ್ಲಿ. ಬ್ಯಾಂಕು, ಲೆಕ್ಕಪತ್ರ, ತೆರಿಗೆ ಕೆಲಸದವರಿಗೆ ಮಾರ್ಚ್ ಎಂದರೇನು ಎಂದು ಹೇಳಬೇಕಿಲ್ಲ; ಶಾಲಾ ಶಿಕ್ಷಕರಿಗೆ ಅದು ಪರೀಕ್ಷೆಯ ಕಾಲ. ಇವರು ಆ 10ಕೆಯನ್ನು ಮೋಜಿಗಾಗಿ ಓಡಲಿ, ದಾಖಲೆಗಾಗಿ ಬೇಡ. ಸಮಯದ ಗುರಿ ಇಟ್ಟುಕೊಳ್ಳುವುದಾದರೆ ಮಳೆಗಾಲ ಇಳಿದ ಮೇಲಿನ ಸ್ಪರ್ಧೆಗಳು ಇವರಿಗೆ ಹೊಂದುತ್ತವೆ. ಶ್ರೀರಂಗಪಟ್ಟಣದ ಬಳಿ ಕಾಲುವೆ ಏರಿಯ ಮಣ್ಣು ದಾರಿಯಲ್ಲಿ ನಡೆಯುವ ಕಾವೇರಿ ಟ್ರೈಲ್ ಓಟ ಅಂಥದ್ದೊಂದು. ಡಾಂಬರಿನಲ್ಲೇ ಓಡಿ ಬೇಸತ್ತ ಮಂಡಿಗೆ ಮಣ್ಣು ಹಿತ.

ಕಂಪನಿ ಶುಲ್ಕ ಕಟ್ಟಿ ಟೀ ಶರ್ಟ್ ಕೊಟ್ಟು ಓಡಿಸುವುದೂ ಇದೆ. ತೆಗೆದುಕೊಳ್ಳಿ, ಓಡಿ. ಆ ಟೀ ಶರ್ಟನ್ನು ವರ್ಷದ ಕೊನೆಗೆ ‘ನೌಕರರ ಕ್ಷೇಮ’ ಎಂದು ತೋರಿಸಿದಾಗ ಅದರ ಬೆಲೆ ನಿಮ್ಮ ಒಂದೆರಡು ಗಂಟೆಯ ಕೂಲಿ ಎಂಬುದು ನೆನಪಿರಲಿ.

ಹಂತ 8: ಹೃದಯದ ಮಾತು, ಚುಟುಕಾಗಿ

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳ ಬೆನ್ನಿಗೆ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತಿತ್ತು. ಭಯದಿಂದ ಒಮ್ಮೆ ಪರೀಕ್ಷೆ ಮಾಡಿಸಿ ಮರೆಯುವುದಕ್ಕಿಂತ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಅಳತೆ ನೋಡಿಸುವುದು ಉಪಯುಕ್ತ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದ್ರೋಗ ಬಂದವರಿದ್ದರೆ, ನಿಮಗೆ ಮಧುಮೇಹವಿದ್ದರೆ, ಧೂಮಪಾನವಿದ್ದರೆ ಓಟ ಶುರು ಮಾಡುವ ಮೊದಲೇ ವೈದ್ಯರನ್ನು ಕಾಣಿ. ಓಡುವಾಗ ಎದೆ ಬಿಗಿತ, ದವಡೆಗೆ ಅಥವಾ ಎಡತೋಳಿಗೆ ಹರಡುವ ನೋವು, ತಲೆಸುತ್ತು ಬಂದರೆ ನಿಂತು ನೇರ ಆಸ್ಪತ್ರೆಗೆ. ‘ಗ್ಯಾಸ್ ಇರಬೇಕು’ ಎಂಬ ಮನೆ ವೈದ್ಯ ಬೇಡ.

ಹಂತ 9: ಪುಸ್ತಕ ಹಿಡಿದು ಸಂಬಳದ ಮಾತಾಡಿ

ಎರಡು ತಿಂಗಳು ಬರೆದ ಮೇಲೆ ನಿಮ್ಮ ಬಳಿ ಮ್ಯಾನೇಜರ್ ಬಳಿ ಇಲ್ಲದ ಒಂದು ವಸ್ತು ಇರುತ್ತದೆ: ದಿನಾಂಕ ಸಹಿತ ಗಂಟೆಗಳು. ಮಾತುಕತೆಗೆ ಮೊದಲು ಒಂದೇ ಪುಟಕ್ಕೆ ಇಳಿಸಿ. ವಾರದ ಸರಾಸರಿ ಗಂಟೆ, ರಾತ್ರಿ ಎಂಟರ ನಂತರದ ಕರೆಗಳ ಸಂಖ್ಯೆ, ರಜಾದಿನ ದುಡಿದದ್ದು, ಈ ಅವಧಿಯಲ್ಲಿ ನೀವು ಮುಗಿಸಿದ ಕೆಲಸ. ಓಟದ ಕಲಂ ಈ ಪುಟಕ್ಕೆ ಬರಬಾರದು.

ಅದೇ ರೀತಿ ‘ನಾನು ಮ್ಯಾರಥಾನಿಗೆ ತಯಾರಾಗುತ್ತಿದ್ದೇನೆ, ಬೇಗ ಹೋಗಬೇಕು’ ಎಂದೂ ಹೇಳಬೇಡಿ. ಈ ವಿಷಯದಲ್ಲಿ ನಾನು ಹಟಮಾರಿ. ಕೆಲಸದ ಹೊತ್ತು ಮುಗಿದ ಮೇಲೆ ಹೊರಡಲು ಕಾರಣ ಬೇಕಿಲ್ಲ. ಕಾರಣ ಕೊಟ್ಟ ಕೂಡಲೇ ಅದು ನಿಮ್ಮ ಹವ್ಯಾಸಕ್ಕೆ ಅವರು ಮಾಡಿದ ಉಪಕಾರವಾಗುತ್ತದೆ, ಮುಂದಿನ ಸಲ ಉಪಕಾರ ಹಿಂಪಡೆಯುತ್ತಾರೆ. ಮಗು, ಅಮ್ಮನ ಔಷಧಿ, ಓಟ ಯಾವುದನ್ನೂ ತಕ್ಕಡಿಗೆ ಹಾಕಿಸಿಕೊಳ್ಳಬೇಡಿ.

ಮಾತು ಹೀಗೆ ಆರಂಭಿಸಬಹುದು: ‘ಕಳೆದ ಎಂಟು ವಾರ ನನ್ನ ಸರಾಸರಿ 55 ಗಂಟೆ ಬಂದಿದೆ. ಒಪ್ಪಂದ 45. ಈ ಕೆಲಸ ಹೀಗೇ ಮುಂದುವರಿಯುವುದಾದರೆ ಹೆಚ್ಚುವರಿ ಗಂಟೆಗೆ ವೇತನ ಬೇಕು, ಇಲ್ಲವಾದರೆ ಕೆಲಸದ ಪಟ್ಟಿಯಲ್ಲಿ ಯಾವುದನ್ನು ತೆಗೆಯೋಣ ಎಂದು ನೀವೇ ಹೇಳಿ.’ ಇಷ್ಟು ಹೇಳಿ ಸುಮ್ಮನಾಗಿ. ಸುಮ್ಮನಾಗುವುದೇ ಕಷ್ಟ, ನಾವು ಸಂಕೋಚಕ್ಕೆ ಬಿದ್ದು ‘ಪರವಾಗಿಲ್ಲ ಸಾರ್, ಹೇಗೋ ಮಾಡೋಣ’ ಎಂದು ನಾವೇ ನಮ್ಮ ಬೇಡಿಕೆಯನ್ನು ತಿಂದುಬಿಡುತ್ತೇವೆ.

ದುಡ್ಡು ಇಲ್ಲ ಎಂದರೆ ಸಮಯ ಕೇಳಿ. ರಾತ್ರಿ ಹತ್ತರ ಕರೆ ಇದ್ದ ಮರುದಿನ ಹನ್ನೊಂದಕ್ಕೆ ಕೆಲಸ ಆರಂಭ, ಶನಿವಾರ ದುಡಿದರೆ ಅದೇ ತಿಂಗಳು ಬದಲಿ ರಜೆ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ. ನಮ್ಮ ಉದಾಹರಣೆಯಲ್ಲಿ ಎರಡು ದಿನದ ಮನೆ ಕೆಲಸ ವಾರಕ್ಕೆ ಐದು ಪ್ರಯಾಣದ ಗಂಟೆ ಉಳಿಸುತ್ತದೆ. ವಾರದ ಓಟವೆಲ್ಲ ಅದರಲ್ಲೇ ಮುಗಿದು ಮಿಗುತ್ತದೆ. ಒಪ್ಪಿದ್ದನ್ನು ಅಂದೇ ಇಮೇಲ್‌ನಲ್ಲಿ ಬರೆದು ಕಳಿಸಿ: ‘ಇಂದು ನಾವು ಮಾತಾಡಿಕೊಂಡಂತೆ...’

ಸಹೋದ್ಯೋಗಿಗಳ ಜೊತೆ ಸಂಬಳದ ಅಂಕಿ ಹಂಚಿಕೊಳ್ಳಿ. ಮುಜುಗರ ಎನಿಸುತ್ತದೆ, ಆದರೆ ಮುಚ್ಚಿಡುವುದರಿಂದ ಲಾಭ ನಿಮ್ಮಿಬ್ಬರಿಗೂ ಇಲ್ಲ. ಒಂದೇ ಅಥವಾ ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂದು ಬೇರೆ ವೇತನ ಕೊಡುವುದು ಹೊಸ ಕಾರ್ಮಿಕ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆಯಲ್ಲಿ ನಿಷಿದ್ಧ. ಅಂಕಿ ಗೊತ್ತಿಲ್ಲದೆ ಅದನ್ನು ಕೇಳುವುದು ಹೇಗೆ? ಒಬ್ಬರೇ ಹೋದಾಗ ದೂರು, ಐದು ಜನ ಅದೇ ರೀತಿಯ ಪುಟ ಹಿಡಿದು ಹೋದಾಗ ಅದು ಸಂಸ್ಥೆಯ ಸಮಸ್ಯೆ. ಅಲ್ಲಿಗೂ ಬಗೆಹರಿಯದಿದ್ದರೆ ಸಂಘವಿದೆ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನವಿದೆ.

ಕಚೇರಿಯ ಗೇಟಿನಲ್ಲಿ ಹನ್ನೆರಡು ಗಂಟೆ ಪಾಳಿ ನಿಲ್ಲುವ ಭದ್ರತಾ ಸಿಬ್ಬಂದಿಯ ಹೆಚ್ಚುವರಿ ಗಂಟೆಗಳೂ ಇದೇ ಲೆಕ್ಕಕ್ಕೆ ಸೇರಿದವು. ನಿಮ್ಮ ಸಂಘ ಅವರ ಮಾತನ್ನೂ ಎತ್ತುತ್ತದೆಯೇ ಎಂದು ಕೇಳಿ ನೋಡಿ.

ಹಂತ 10: ಏನೂ ಬದಲಾಗದಿದ್ದರೆ

ಮುಂದಿನ ಮೂರು ತಿಂಗಳ ಪುಟವೂ ಹಾಗೇ ಇದ್ದರೆ ಕೆಲಸ ಹುಡುಕಿ. ಹುಡುಕುವ ವಾರಗಳಲ್ಲಿ ಓಟದ ಗುರಿ ಇಡಬೇಡಿ, ಸಂದರ್ಶನವೂ ಭಾರವೇ. ಹೊಸ ಸಂಬಳವನ್ನು ಹಳೆಯದರ ಜೊತೆ ಹೋಲಿಸುವಾಗ ತಿಂಗಳ ಮೊತ್ತ ಬಿಡಿ, ಪ್ರಯಾಣ ಸೇರಿಸಿದ ಗಂಟೆಯ ಕೂಲಿ ಹೋಲಿಸಿ. ಮನೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿ ₹70,000 ಕೊಡುವ ಕೆಲಸ, ಎರಡೂ ಕಡೆ ವಾರಕ್ಕೆ 45 ಗಂಟೆಯಾದರೆ, ಎರಡೂವರೆ ಗಂಟೆ ತಿನ್ನುವ ₹80,000ದ ಕೆಲಸಕ್ಕಿಂತ ಗಂಟೆಗೆ ₹13 ಹೆಚ್ಚೇ ಕೊಡುತ್ತದೆ. ಜೊತೆಗೆ ದಿನಕ್ಕೆ ಒಂದು ಗಂಟೆ ಐವತ್ತು ನಿಮಿಷ ಮರಳಿ ಕೈಗೆ.

ಬಿಡುವಾಗ ಉಳಿದ ರಜೆ ಎಷ್ಟು, ಅದಕ್ಕೆ ಹಣ ಎಷ್ಟು ಎಂದು ಬರೆಹದಲ್ಲಿ ಕೇಳಿ. ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು; ‘45 ದಿನ ಆಗುತ್ತದೆ’ ಎನ್ನುವ ವಾಡಿಕೆಯ ಉತ್ತರಕ್ಕೆ ಈ ನಿಯಮವನ್ನು ಇಮೇಲ್‌ನಲ್ಲಿ ನೆನಪಿಸಿ.

ಹೊಸ ಕಡೆ ಸಂದರ್ಶನದ ಕೊನೆಗೆ ‘ನೀವೇನಾದರೂ ಕೇಳುವುದಿದೆಯೇ’ ಎಂದಾಗ ಮೂರು ಪ್ರಶ್ನೆ ಕೇಳಿ. ಕಳೆದ ತಿಂಗಳು ಈ ತಂಡದವರು ಸರಾಸರಿ ಎಷ್ಟು ಹೊತ್ತಿಗೆ ಮನೆಗೆ ಹೋದರು? ರಾತ್ರಿಯ ಕರೆ ವಾರಕ್ಕೆ ಎಷ್ಟು, ಅದಕ್ಕೆ ಬದಲಿ ಏನು? ಈ ಹುದ್ದೆಯಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು?